ಗಾಜಿನ ಎಳೆಯಲ್ಲಿ ಬರುವ ದೂರದರ್ಶನ



ಬಾನುಲಿಯಲ್ಲಿ ಕುಳಿತು ದೂರದರ್ಶನದ ವಿಷಯ ಮಾತನಾಡುವುದೆಂದರೆ ತವರುಮನೆಯ ಜಗಲಿಯಲ್ಲಿ ಕುಳಿತು ಗಂಡನ ಮನೆಯ ಅಡಿಗೆಯನ್ನು ಹೊಗಳಿದಂತೆ. ಹೊಗಳಬೇಕು, ಯಾರ ಮನಸ್ಸೂ ನೋಯಬಾರದು. ಅದರಲ್ಲಿಯೂ ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವವನು. ಸಂಧಿ ಸಮಾಸಗಳಲ್ಲಿ ಕಾಲ ಕಳೆದವನಿಗೂ ಗಾಜಿನ ಎಳೆಯೊಳಗೆ ಚಿತ್ರವನ್ನು ಕಳುಹಿಸುವ ವಿದ್ಯೆಗೂ ಏನು ಸಂಬಂಧವೆಂದು ನೀವು ಕೇಳಬಹುದು. ಆ ಸಂಬಂಧವನ್ನು ಬೆಳೆಸಿದವರು ನಮ್ಮ ಪಕ್ಕದ ಮನೆಯ ಅಜ್ಜಿ.

2017ನೆಯ ಇಸವಿಯ ಮಾತು. ಒಂದು ದಿನ ಬೆಳಗ್ಗೆ ಅಜ್ಜಿ ನಮ್ಮ ಬಾಗಿಲಿಗೆ ಬಂದು ನಿಂತರು. "ಮೇಷ್ಟ್ರೇ, ಟೀವಿ ಚೆನ್ನಾಗೇ ಐತೆ. ದೀಪ ಹತ್ತುತ್ತೆ, ಸೊರ್ರ್ ಅಂತ ಸದ್ದೂ ಬರುತ್ತೆ. ಬೊಂಬೆ ಮಾತ್ರ ಕಾಣಾಕಿಲ್ಲ. ಅದರ ಕಣ್ಣು ಯಾರು ಕಟ್ಟಿದ್ರು?" ಎಂದರು. ಹೋಗಿ ನೋಡಿದೆ. ಅವರ ಯಜಮಾನರು ಕೆಲಸದಿಂದ ನಿವೃತ್ತರಾದ ವರ್ಷ ಕೊಂಡು ತಂದ, ಬೆನ್ನು ಉಬ್ಬಿದ ಹಳೆಯ ಟೀವಿ. ಅದರಲ್ಲಿ ಯಾವ ದೋಷವೂ ಇರಲಿಲ್ಲ. ಬದಲಾಗಿದ್ದುದು ಚಿತ್ರವನ್ನು ಕಳುಹಿಸುವ ಕಡೆಯ ಪದ್ಧತಿ. "ಅಜ್ಜಿ, ಇನ್ನುಮೇಲೆ ಒಂದು ಪೆಟ್ಟಿಗೆ ತಂದು ಇಡಬೇಕು" ಎಂದೆ. ಅಜ್ಜಿ ಟೀವಿಯ ಕಡೆ ಕೈ ತೋರಿಸಿ, "ಇದೇನಪ್ಪ ಮತ್ತೆ? ಪೆಟ್ಟಿಗೆಗೆ ಇನ್ನೊಂದು ಪೆಟ್ಟಿಗೆಯಾ?" ಎಂದರು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವನ್ನು ಹುಡುಕುತ್ತ ಹೋದವನಿಗೆ ದೊರೆತದ್ದು ಈ ಗಾಜಿನ ಎಳೆಯ ವೃತ್ತಾಂತ.

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಮುಳಬಾಗಿಲು ಎಂಬುದು ಮೂಡಲ ಬಾಗಿಲು. ಮೈಸೂರು ಸೀಮೆಯ ಪೂರ್ವದ ಅಂಚಿನಲ್ಲಿ, ಬಂಡೆಬೆಟ್ಟಗಳ ನಡುವೆ ಇರುವ ಊರು. ಗಾಳಿಯಲ್ಲಿ ಬರುವ ಚಿತ್ರವನ್ನು ಹಿಡಿಯಬೇಕಾದರೆ ಮಾಳಿಗೆಯ ಮೇಲೆ ಉದ್ದನೆಯ ಕೊಳವೆ ನಿಲ್ಲಿಸಿ, ಅದರ ತುದಿಗೆ ಆಂಟೆನಾ ಕಟ್ಟಬೇಕು. 1987ರಲ್ಲಿ ಭಾನುವಾರದ ಬೆಳಗ್ಗೆ ರಾಮಾಯಣ ಬರಲಾರಂಭಿಸಿದಾಗ ಒಬ್ಬ ಮೇಲೆ ನಿಂತು ಕೊಳವೆ ತಿರುಗಿಸುತ್ತ "ಬಂತಾ?" ಎನ್ನುವುದು, ಕೆಳಗಿನವರು "ಇನ್ನೂ ಸ್ವಲ್ಪ ಈ ಕಡೆಗೆ" ಎಂದು ಕೂಗುವುದು ಬೀದಿಗೆಲ್ಲ ಕೇಳುತ್ತಿತ್ತು. ಇದನ್ನು ಕೇಳುತ್ತಿರುವವರಲ್ಲಿ ಅನೇಕರು ಆ ಕೊಳವೆಯನ್ನು ತಿರುಗಿಸಿದವರೇ ಇರಬೇಕು.

ತೊಂಬತ್ತರ ದಶಕದಲ್ಲಿ ಕೇಬಲ್ ಬಂದಿತು. ನಡುವೆ ತಾಮ್ರದ ಎಳೆ, ಅದರ ಸುತ್ತ ಬಿಳಿಯ ಮೆತ್ತೆ, ಅದರ ಮೇಲೆ ತಂತಿಯ ಬಲೆ, ಹೊರಗೆ ಕಪ್ಪು ಚರ್ಮ. ಊರಿನಲ್ಲಿ ಒಂದು ಕಡೆ ದೊಡ್ಡ ಬಟ್ಟಲಿನಂಥ ಡಿಷ್‌ಗಳನ್ನು ನಿಲ್ಲಿಸಿ, ಉಪಗ್ರಹದಿಂದ ಬಂದುದನ್ನು ಹಿಡಿದು, ಈ ಕೇಬಲ್ಲಿನಲ್ಲಿ ಮನೆಮನೆಗೆ ಹರಿಸುತ್ತಿದ್ದರು. ಆದರೆ ಚಿತ್ರದ ಅಲೆಗಳು ಅಂಥ ಕೇಬಲ್ಲಿನಲ್ಲಿ ಬಹು ಬೇಗ ಬಳಲಿಹೋಗುತ್ತವೆ. ಅಲ್ಲಲ್ಲಿ ಕಂಬಕ್ಕೆ ಒಂದು ಆಂಪ್ಲಿಫೈಯರ್ ಪೆಟ್ಟಿಗೆಯನ್ನು ಕಟ್ಟಿ, ಸೊರಗಿದ ಅಲೆಗೆ ಮತ್ತೆ ಬಲ ತುಂಬಬೇಕು. ಆ ಪೆಟ್ಟಿಗೆಗೆ ಕರೆಂಟು ಬೇಕು. ಅದಕ್ಕೆ ಕರೆಂಟು ಬರುತ್ತಿದ್ದುದು ಪಕ್ಕದ ಬೀದಿಯಿಂದಾದರೆ, ಪಕ್ಕದ ಬೀದಿಯಲ್ಲಿ ಕರೆಂಟು ಹೋದಾಗ, ನಮ್ಮ ಮನೆಯಲ್ಲಿ ದೀಪ ಉರಿಯುತ್ತಿದ್ದರೂ ಚಿತ್ರ ಮಾಯವಾಗುತ್ತಿತ್ತು. ಬೇಸಿಗೆಯ ಮಳೆಯಲ್ಲಿ ಸಿಡಿಲು ಹೊಡೆದರೆ ತಾಮ್ರದ ದಾರಿ ಹಿಡಿದು ಪೆಟ್ಟಿಗೆಗಳನ್ನೂ ಟೀವಿಗಳನ್ನೂ ಸುಡುವುದುಂಟು. ಇದೂ ಸಾಲದೆಂಬಂತೆ, ಪ್ರತಿಯೊಂದು ಆಂಪ್ಲಿಫೈಯರೂ ಅಲೆಯ ಜೊತೆಗೆ ತನ್ನದೊಂದಿಷ್ಟು ಗದ್ದಲವನ್ನು ಸೇರಿಸುತ್ತದೆ. ಬೀದಿಯ ಮೊದಲ ಮನೆಯಲ್ಲಿ ಚಿತ್ರ ಕನ್ನಡಿಯಂತೆ. ಕೊನೆಯ ಮನೆಯಲ್ಲಿ ಎಳ್ಳು ಚೆಲ್ಲಿದಂತೆ ಚುಕ್ಕಿ.

ಕೋಲಾರ ಕೆರೆಗಳ ಜಿಲ್ಲೆ. ಕೆರೆಯ ಕೆಳಗಿನ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೂಬಿನ ಬಳಿಯ ಗದ್ದೆಗೆ ತುಂಬ ನೀರು, ಕಾಲುವೆಯ ತುದಿಯ ಗದ್ದೆಗೆ ಉಳಿದದ್ದು. ಈ ಅನ್ಯಾಯವನ್ನು ತಡೆಯುವುದಕ್ಕಾಗಿಯೇ ನಮ್ಮ ಹಿರಿಯರು ನೀರುಗಂಟಿ ಎಂಬವನನ್ನು ನೇಮಿಸಿದ್ದರು. ಕೇಬಲ್ಲಿನ ಬೀದಿಯಲ್ಲಿ ನೀರುಗಂಟಿ ಇರಲಿಲ್ಲ.

ಇನ್ನು ಗಾಜಿನ ವಿಷಯಕ್ಕೆ ಬರೋಣ. ಕಲ್ಯಾಣಿಯಲ್ಲಿ ಈಜಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ನೀರಿನೊಳಗೆ ಮುಳುಗಿ ಓರೆಯಾಗಿ ಮೇಲಕ್ಕೆ ನೋಡಿದರೆ ನೀರಿನ ಮೇಲ್ಮೈ ಕನ್ನಡಿಯಂತೆ ಹೊಳೆಯುತ್ತದೆ. ಆಚೆಯ ಆಕಾಶ ಕಾಣುವುದಿಲ್ಲ. ಬಹಳ ಓರೆಯಾಗಿ ಹೋದ ಬೆಳಕು ನೀರನ್ನು ಬಿಟ್ಟು ಹೊರಬರಲಾರದೆ ಒಳಕ್ಕೇ ಮರಳುತ್ತದೆ. ಜಾನ್ ಟಿಂಡಾಲ್ ಎಂಬ ವಿಜ್ಞಾನಿ 1854ರಲ್ಲಿ ಲಂಡನ್ನಿನಲ್ಲಿ, ತೂತಿನಿಂದ ಬಾಗಿ ಬೀಳುವ ನೀರಿನ ಧಾರೆಯೊಳಗೆ ಬೆಳಕೂ ಬಾಗಿ ಇಳಿಯುವುದನ್ನು ತೋರಿಸಿದನು. ಅದೇ ನಿಯಮ ಗಾಜಿಗೂ ಸಲ್ಲುತ್ತದೆ. ಒಳಗೊಂದು ಗಾಜು, ಅದರ ಸುತ್ತ ಬೇರೆ ಗುಣದ ಇನ್ನೊಂದು ಗಾಜು ಇದ್ದರೆ ಬೆಳಕು ಒಳಗಿನ ದಾರಿಯನ್ನು ಬಿಡುವುದಿಲ್ಲ. ಈಗ ನಮ್ಮ ಮನೆಗಳಿಗೆ ಬರುತ್ತಿರುವ ಎಳೆಯಲ್ಲಿ ಗಾಜಿನ ದಪ್ಪವೆಲ್ಲ ಸೇರಿ ಒಂದು ಮಿಲಿಮೀಟರಿನ ಎಂಟರಲ್ಲೊಂದು ಪಾಲು. ಬೆಳಕು ನಡೆಯುವ ನಡುದಾರಿಯಾದರೋ ಮಿಲಿಮೀಟರಿನ ನೂರರಲ್ಲೊಂದು ಪಾಲಿಗಿಂತಲೂ ಸಣ್ಣದು.

ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯವರು 1954ರಲ್ಲಿ ತಮ್ಮ ಗುರು ಹಾಪ್‌ಕಿನ್ಸರೊಡನೆ, ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದೆಂದು ಪ್ರಕಟಿಸಿದರು. ಆದರೆ ಅಂದಿನ ಗಾಜಿನಲ್ಲಿ ಬೆಳಕು ಕೆಲವು ಮಾರು ದೂರ ಹೋಗುವುದರೊಳಗೆ ನಂದಿಹೋಗುತ್ತಿತ್ತು. ಶಾಂಘಾಯಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಕಾವೋ 1966ರಲ್ಲಿ, ತಪ್ಪು ಗಾಜಿನ ಸ್ವಭಾವದ್ದಲ್ಲ, ಅದರಲ್ಲಿರುವ ಕಲ್ಮಷದ್ದು ಎಂದು ಹೇಳಿದರು. ಒಂದು ಕಿಲೋಮೀಟರು ಹೋದಮೇಲೆ ಬೆಳಕಿನ ನೂರರಲ್ಲೊಂದು ಪಾಲು ಉಳಿದರೂ ಸಾಕು, ಕೆಲಸ ನಡೆಯುತ್ತದೆ ಎಂಬುದು ಅವರ ಲೆಕ್ಕ. 1970ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆಯವರು ಆ ಲೆಕ್ಕವನ್ನು ಮೀರಿದ ಗಾಜನ್ನು ಎಳೆದು ತೋರಿಸಿದರು. ಕಾವೋ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಇಂದಿನ ಎಳೆಯಾದರೋ ಇನ್ನೂ ನಿರ್ಮಲ. ಇಲ್ಲಿಂದ ಕುರುಡುಮಲೆಯ ಗಣಪತಿಯ ಗುಡಿಯವರೆಗೆ ಎಳೆಯನ್ನು ಹಾಸಿದರೂ, ಇಲ್ಲಿ ಹೊರಟ ಬೆಳಕಿನ ಅರ್ಧಕ್ಕಿಂತ ಹೆಚ್ಚು ಪಾಲು ಅಲ್ಲಿ ಮುಟ್ಟುತ್ತದೆ.

ಇಂಥ ಎಳೆಗಳಿಂದ ಊರಿಗೆ ಹೆಣೆದ ಜಾಲಕ್ಕೆ ಇಂಗ್ಲಿಷಿನಲ್ಲಿ 'ಪ್ಯಾಸಿವ್' ಎಂಬ ವಿಶೇಷಣ ಸೇರಿಸುತ್ತಾರೆ. ವ್ಯಾಕರಣದ ಮೇಷ್ಟ್ರಾದ ನನಗೆ ಆ ಮಾತು ಕೇಳಿದೊಡನೆ ಕರ್ಮಣಿ ಪ್ರಯೋಗ ನೆನಪಾಯಿತು. ಇಲ್ಲಿ ಅದರ ಅರ್ಥ ಬೇರೆ. ಚಿತ್ರ ಹೊರಡುವ ಕಟ್ಟಡಕ್ಕೂ ನಿಮ್ಮ ಮನೆಗೂ ನಡುವೆ ಕರೆಂಟಿನಿಂದ ನಡೆಯುವ ಯಾವ ಯಂತ್ರವೂ ಇಲ್ಲ ಎಂಬುದೇ ಅದರ ಅರ್ಥ. ಬೀದಿಯ ಕಂಬದ ಮೇಲೆ ಒಂದು ಚಿಕ್ಕ ಡಬ್ಬಿ ಇರುತ್ತದೆ. ಅದರೊಳಗೆ ಒಂದು ಎಳೆಯಾಗಿ ಬಂದ ಬೆಳಕು ಗಾಜಿನ ಕವಲುಗಳಲ್ಲಿ ಎರಡಾಗಿ, ನಾಲ್ಕಾಗಿ, ಎಂಟಾಗಿ, ಕೊನೆಗೆ ಮೂವತ್ತೆರಡು ಪಾಲಾಗಿ ಮನೆಗಳಿಗೆ ಹೋಗುತ್ತದೆ. ಇದಕ್ಕೆ ಸ್ಪ್ಲಿಟರ್ ಎನ್ನುತ್ತಾರೆ. ಕರೆಂಟು ಬೇಡದ, ಕೂಲಿ ಕೇಳದ, ಮೊದಲ ಮನೆ ಕೊನೆಯ ಮನೆ ಎಂಬ ಭೇದ ಮಾಡದ ನೀರುಗಂಟಿ ಇದು. ಸಿಡಿಲಿಗೆ ಗಾಜಿನಲ್ಲಿ ದಾರಿಯಿಲ್ಲ. ಪಕ್ಕದ ಬೀದಿಯ ಕರೆಂಟಿನ ಹಂಗೂ ಇಲ್ಲ.

ಒಂದೇ ಎಳೆಯಲ್ಲಿ ಮೂರು ಬಗೆಯ ಬೆಳಕು ನಡೆಯಬಲ್ಲದು. ನಮ್ಮ ಪೇಟೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಬೀದಿಯಲ್ಲಿ ಓಡಾಡುತ್ತವೆ. ಯಾರ ಮಾತು ಯಾರಿಗೆ ಎಂಬುದು ತಪ್ಪುವುದಿಲ್ಲ. ಹಾಗೆಯೇ 1490 ನ್ಯಾನೋಮೀಟರಿನ ಬೆಳಕು ಇಂಟರ್‌ನೆಟ್ಟನ್ನು ಮನೆಗೆ ತರುತ್ತದೆ. 1310ರ ಬೆಳಕು ಮನೆಯ ಉತ್ತರವನ್ನು ಹಿಂದಕ್ಕೆ ಒಯ್ಯುತ್ತದೆ. 1550ರ ಬೆಳಕನ್ನು ದೂರದರ್ಶನಕ್ಕೆಂದು ಮೀಸಲಿಟ್ಟಿದ್ದಾರೆ. ಮೂರೂ ನಮ್ಮ ಕಣ್ಣಿಗೆ ಕಾಣದ ಬೆಳಕುಗಳು.

ಈ ಮೂರನೆಯ ಬೆಳಕಿನಲ್ಲಿ ಚಿತ್ರವನ್ನು ಹೇಗೆ ಕಳುಹಿಸಬೇಕು? ಅಜ್ಜಿಯ ಪ್ರಶ್ನೆಯ ಗಂಟು ಇರುವುದು ಇಲ್ಲಿ. ಎರಡು ಮಾರ್ಗಗಳಿವೆ. ಒಂದು ಅನಲಾಗ್, ಇನ್ನೊಂದು ಡಿಜಿಟಲ್. ಇವುಗಳನ್ನು ನನ್ನ ಕಸುಬಿನ ಭಾಷೆಯಲ್ಲಿಯೇ ಹೇಳುತ್ತೇನೆ.

ಗಮಕಿಯೊಬ್ಬರು ಕಾವ್ಯವಾಚನ ಮಾಡುತ್ತಾರೆಂದು ಇಟ್ಟುಕೊಳ್ಳಿ. ದನಿಯ ಏರು, ಇಳಿವು, ನಡುಕ, ಎಳೆತ ಎಲ್ಲವೂ ನಮ್ಮ ಕಿವಿಗೆ ಇದ್ದಂತೆಯೇ ಬರಬೇಕು. ಅನಲಾಗ್ ಎಂದರೆ ಇದು. ಎಲ್ಲ ಚಾನೆಲುಗಳ ಅಲೆಗಳನ್ನು ಕೂಡಿಸಿ, ಆ ಕೂಡಿದ ಅಲೆ ಏರಿದಂತೆ ಬೆಳಕನ್ನು ಹೆಚ್ಚಿಸುವುದು, ಇಳಿದಂತೆ ಕುಗ್ಗಿಸುವುದು. ಮನೆಯಲ್ಲಿ ಒಂದು ಚಿಕ್ಕ ಸಲಕರಣೆ ಆ ಬೆಳಕಿನ ಏರಿಳಿತವನ್ನು ಮತ್ತೆ ವಿದ್ಯುತ್ತಿನ ಅಲೆಯಾಗಿ ಮಾಡಿ ಹಳೆಯ ಕೇಬಲ್ ತುಂಡಿನ ಮೂಲಕ ಟೀವಿಗೆ ಕೊಡುತ್ತದೆ. ದಾರಿಯಲ್ಲಿ ತಾಮ್ರ ಹೋಗಿ ಗಾಜು ಬಂದಿತೆಂಬುದು ಟೀವಿಗೆ ತಿಳಿಯುವುದೇ ಇಲ್ಲ. ಅಜ್ಜಿಯ ಟೀವಿಯೂ ಕಣ್ಣು ತೆರೆಯುತ್ತದೆ.

ಡಿಜಿಟಲ್ ಎಂದರೆ ಪದ್ಯಕ್ಕೆ ಪ್ರಸ್ತಾರ ಹಾಕಿದಂತೆ. ಲಘು, ಗುರು ಎಂಬ ಎರಡೇ ಗುರುತು. ದನಿ ಕ್ಷೀಣವಾಗಿರಲಿ, ಹೊರಗೆ ಗಲಾಟೆ ಇರಲಿ, ಇದು ಲಘುವೋ ಗುರುವೋ ಎಂಬಷ್ಟು ಗೊತ್ತಾದರೆ ಸಾಕು. ಪ್ರಸ್ತಾರವನ್ನು ತಪ್ಪಿಲ್ಲದೆ ಮತ್ತೆ ಬರೆಯಬಹುದು. ಆದರೆ ಪ್ರಸ್ತಾರದ ಗೆರೆಗಳನ್ನು ನೋಡಿ ಪದ್ಯವನ್ನು ಹಾಡಲಾಗುವುದಿಲ್ಲ. ಗುರುತುಗಳನ್ನು ಬಿಡಿಸಿ ಚಿತ್ರವಾಗಿ ಓದಿ ಹೇಳುವವನೊಬ್ಬ ಬೇಕು. ಆ ಓದುವವನೇ ಟೀವಿಯ ಪಕ್ಕದ ಪೆಟ್ಟಿಗೆ.

ಎರಡು ಮಾರ್ಗಗಳಿಗೂ ತಗಲುವ ಬೆಳಕಿನ ವೆಚ್ಚ ಒಂದೇ ಅಲ್ಲ. ಗಮಕಿಯ ದನಿಗೆ ಸಭೆ ನಿಶ್ಶಬ್ದವಾಗಿರಬೇಕು, ದನಿಯೂ ತುಂಬಿರಬೇಕು. ಲಘು ಗುರುಗಳ ಮಿಣುಕಿಗೆ ಎಷ್ಟು ಬೆಳಕು ಸಾಕೋ ಅದರ ನೂರು ಪಾಲಿಗೂ ಮೀರಿದ ಬೆಳಕು ಅನಲಾಗ್ ಚಿತ್ರ ಶುದ್ಧವಾಗಿ ಬರಲು ಮನೆಗೆ ಮುಟ್ಟಬೇಕು. ಮೊದಲೇ ಬೆಳಕನ್ನು ಮೂವತ್ತೆರಡು ಪಾಲು ಮಾಡಿದ್ದೇವೆ; ಹಂಚುವಾಗಿನ ನಷ್ಟವೂ ಸೇರಿದರೆ ಒಂದು ಮನೆಗೆ ಬರುವುದು ಸುಮಾರು ಐವತ್ತರಲ್ಲೊಂದು ಪಾಲು. ಆದಕಾರಣ ಹೊರಡುವ ಕಡೆಯಲ್ಲಿಯೇ ಬೆಳಕು ಪ್ರಬಲವಾಗಿರಬೇಕು. ಎರ್ಬಿಯಂ ಎಂಬ ಧಾತುವನ್ನು ಬೆರೆಸಿದ ಗಾಜಿನ ಎಳೆಯಿಂದ, ಬೆಳಕನ್ನು ಬೆಳಕಾಗಿಯೇ ಹೆಚ್ಚಿಸುವ ಉಪಾಯವನ್ನು 1987ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯದ ಡೇವಿಡ್ ಪೇನ್ ಮತ್ತು ಸಂಗಡಿಗರು ತೋರಿಸಿದರು. ಅದು ಚೆನ್ನಾಗಿ ಕೆಲಸ ಮಾಡುವುದು 1550ರ ಆಸುಪಾಸಿನಲ್ಲಿ. ದೂರದರ್ಶನಕ್ಕೆ ಆ ಬೆಳಕನ್ನೇ ಆರಿಸಿದ್ದಕ್ಕೆ ಇದೂ ಒಂದು ಕಾರಣ. ಹಾಗೆಂದು ಮಿತಿಯಿಲ್ಲದೆ ತುಂಬುವಂತಿಲ್ಲ. ಅತಿಯಾದರೆ ಗಾಜೇ ಬೆಳಕನ್ನು ಬಂದ ದಾರಿಗೆ ಹಿಂದಕ್ಕೆ ಚೆಲ್ಲುತ್ತದೆ.

ದಾರಿಯ ಕಷ್ಟವನ್ನು ಹೊರಡುವ ಕಡೆಯಲ್ಲಿಯೇ ನೋಡಿಕೊಳ್ಳುವ ಈ ನೀತಿ ನಮ್ಮ ಜಿಲ್ಲೆಗೆ ಹೊಸದಲ್ಲ. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರು ದೂರ ವಿದ್ಯುಚ್ಛಕ್ತಿಯನ್ನು ತಂದರು. ಅಲ್ಲಿಯೂ ಹೊರಡುವಾಗಲೇ ವಿದ್ಯುತ್ತಿನ ಒತ್ತಡವನ್ನು ಏರಿಸಿ ಕಳುಹಿಸಿದ್ದರಿಂದಲೇ ಅಷ್ಟು ದೂರದ ದಾರಿಯ ನಷ್ಟವನ್ನು ತಾಳಿಕೊಳ್ಳಲು ಸಾಧ್ಯವಾಯಿತು.

ಅಮೆರಿಕದಲ್ಲಿ 2005ರಲ್ಲಿ ಟೆಕ್ಸಾಸಿನ ಕೆಲ್ಲರ್ ಎಂಬ ಊರಿನಿಂದ ಆರಂಭಿಸಿ ವೆರೈಜನ್ ಸಂಸ್ಥೆಯವರು ಗಾಜಿನ ಎಳೆಯಲ್ಲಿ ಮನೆಗಳಿಗೆ ದೂರದರ್ಶನವನ್ನು ಕೊಟ್ಟರು. 1550ರ ಬೆಳಕಿನಲ್ಲಿ ಡಿಜಿಟಲ್ ಚಾನೆಲುಗಳ ಜೊತೆಗೆ ಅನಲಾಗ್ ಚಾನೆಲುಗಳನ್ನೂ ಕೆಲವು ಕಾಲ ಕಳುಹಿಸಿದರು. ಹಳೆಯ ಟೀವಿ ಇದ್ದವರು ಅದನ್ನು ನೇರವಾಗಿ ಜೋಡಿಸಿಕೊಂಡು ನೋಡಬಹುದಾಗಿತ್ತು. ಹೊಸದು ಬಂದಾಗ ಹಳೆಯದಕ್ಕೂ ಒಂದಿಷ್ಟು ಕಾಲ ಜಗಲಿಯಲ್ಲಿ ಜಾಗ ಕೊಟ್ಟ ಕ್ರಮ ಅದು.

ನಮ್ಮಲ್ಲಿ ಕಾಯಿದೆಯೇ ಅನಲಾಗನ್ನು ನಿಲ್ಲಿಸಿತು. 1995ರ ಕೇಬಲ್ ಕಾಯಿದೆಗೆ 2011ರಲ್ಲಿ ತಿದ್ದುಪಡಿಯಾಗಿ, ಹಂತಹಂತವಾಗಿ ಕೇಬಲ್ಲಿನಲ್ಲಿ ಡಿಜಿಟಲ್ ಚಿತ್ರವನ್ನೇ ಕಳುಹಿಸಬೇಕೆಂದಾಯಿತು. ಬೆಂಗಳೂರು, ಮೈಸೂರುಗಳಿಗೆ 2013ರ ಮಾರ್ಚ್ ಕೊನೆಯ ಗಡುವು. ನಮ್ಮಂಥ ಚಿಕ್ಕ ಊರುಗಳಿಗೂ ಹಳ್ಳಿಗಳಿಗೂ ಗಡುವುಗಳು ಮುಂದೆ ಹೋಗಿ ಹೋಗಿ 2017ರ ಆರಂಭದ ತಿಂಗಳುಗಳಲ್ಲಿ ಮುಗಿದುವು. ಇದಕ್ಕೆ ಸಕಾರಣಗಳಿದ್ದುವು. ಒಂದು ಅನಲಾಗ್ ಚಾನೆಲಿನ ಜಾಗದಲ್ಲಿ ಹತ್ತರಷ್ಟು ಡಿಜಿಟಲ್ ಚಾನೆಲುಗಳು ಹಿಡಿಸುತ್ತವೆ. ಎಷ್ಟು ಮನೆಗಳು ನೋಡುತ್ತಿವೆ ಎಂಬ ಲೆಕ್ಕವೂ ಮರೆಮಾಚದಂತೆ ಸಿಗುತ್ತದೆ. ಇದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಒಂದು ಸ್ವಾರಸ್ಯವನ್ನು ಗಮನಿಸಬೇಕು. ನಮ್ಮ ದೇಶದಲ್ಲಿ ಕೇಬಲ್ಲಿನವರು ಅನೇಕ ಕಡೆ ಇಂದು ಮನೆಯವರೆಗೆ ಗಾಜಿನ ಎಳೆಯನ್ನು ತಂದು, ಇಂಟರ್‌ನೆಟ್ಟಿನ ಜೊತೆಗೆ ಅದೇ 1550ರ ಬೆಳಕಿನಲ್ಲಿ ದೂರದರ್ಶನವನ್ನು ಕಳುಹಿಸುತ್ತಾರೆ. ಅದರೊಳಗಿನ ಚಾನೆಲುಗಳು ಡಿಜಿಟಲ್. ಆದರೆ ಅವುಗಳನ್ನು ಹೊತ್ತ ಬೆಳಕು ಏರಿ ಇಳಿಯುವ ರೀತಿ ಮಾತ್ರ ಹಳೆಯ ಗಮಕಿಯದೇ. ಪ್ರಸ್ತಾರವನ್ನೇ ರಾಗವಾಗಿ ಹಾಡಿದಂತೆ! ಹಳೆಯ ವಿದ್ಯೆ ಸತ್ತಿಲ್ಲ. ವೇಷ ಬದಲಿಸಿ ಬೀದಿಯಲ್ಲಿ ನಡೆಯುತ್ತಿದೆ. ಮನೆಯೊಳಗೆ ಬಂದಮೇಲೆ ಮಾತ್ರ ಪೆಟ್ಟಿಗೆಯಿಲ್ಲದೆ ಅರ್ಥವಾಗುವುದಿಲ್ಲ.

ಇಷ್ಟನ್ನು ತಿಳಿದಮೇಲೆ ನನಗೆ ಹೊಳೆದ ಮಾತು ಒಂದೇ. ಚಿತ್ರವನ್ನು ಮನೆಗೆ ಮುಟ್ಟಿಸುವ ಭಾರ ಯಾವ ಪದ್ಧತಿಯಲ್ಲಿಯೂ ಕಳೆದುಹೋಗುವುದಿಲ್ಲ. ಅದು ಹೆಗಲು ಬದಲಿಸುತ್ತದೆ. ತಾಮ್ರದ ಕಾಲದಲ್ಲಿ ಭಾರವನ್ನು ಬೀದಿ ಹೊತ್ತಿತ್ತು. ಕಂಬ ಹತ್ತುವ ಹುಡುಗ, ಕರೆಂಟು ಕೊಡುವ ಮನೆ, ಚುಕ್ಕಿ ನೋಡುವ ಕೊನೆಯ ಮನೆ ಹೊತ್ತಿದ್ದುವು. ಗಾಜಿನ ಎಳೆಯಲ್ಲಿ ಅನಲಾಗ್ ಚಿತ್ರ ಕಳುಹಿಸಿದರೆ ಭಾರ ಕಳುಹಿಸುವವನದು. ಪ್ರಬಲವಾದ ಬೆಳಕನ್ನು ಅವನು ಒದಗಿಸಬೇಕು. ಡಿಜಿಟಲ್ ಆದಾಗ ಆ ಭಾರದ ಒಂದು ಪಾಲು ನೋಡುವವನ ಮನೆಗೆ ಬಂದಿತು: ಪೆಟ್ಟಿಗೆಯ ಬೆಲೆ, ಎರಡನೆಯ ರಿಮೋಟು, ಕಲಿಯುವ ಕಷ್ಟ. ಮಕ್ಕಳು ಮೊಮ್ಮಕ್ಕಳಿರುವ ಮನೆಗೆ ಇದು ಹೊರೆಯೇ ಅಲ್ಲ. ಒಬ್ಬರೇ ಇರುವ ಎಪ್ಪತ್ತು ದಾಟಿದ ಹೆಂಗಸಿಗೆ ಹೊರೆ. ಅಜ್ಜಿ ಮೂರು ತಿಂಗಳು ಟೀವಿಯ ಮೇಲೆ ಬಟ್ಟೆ ಹೊದಿಸಿಟ್ಟಿದ್ದರು. ಸಂಜೆ ಆರರಿಂದ ಎಂಟರವರೆಗೆ ಆ ಮನೆಯಲ್ಲಿ ಕೇಳುತ್ತಿದ್ದ ಮಾತಿನ ಸದ್ದು ನಿಂತುಹೋಯಿತು. ಗೋಡೆಯ ಈಚೆಗಿದ್ದ ನನಗೂ ಆ ಮೌನ ತಿಳಿಯಿತು.

ಕೊನೆಗೆ ಪೆಟ್ಟಿಗೆ ತಂದೆವು. ರಿಮೋಟಿನ ನಲವತ್ತು ಗುಂಡಿಗಳಲ್ಲಿ ಅವರಿಗೆ ಬೇಕಾದುದು ಐದು. ನಮ್ಮ ಮಗಳು ತನ್ನ ಉಗುರಿಗೆ ಹಚ್ಚುವ ಕೆಂಪು ಬಣ್ಣದಿಂದ ಆ ಐದಕ್ಕೂ ಬೊಟ್ಟಿಟ್ಟಳು. ಅಜ್ಜಿ ಒಂದು ವಾರದಲ್ಲಿ ಕಲಿತರು. ಮುಂದೆ ಆ ಬೀದಿಗೆ ಗಾಜಿನ ಎಳೆ ಬಂದಾಗ, "ಇದರಾಗೆ ಕರೆಂಟೇ ಇಲ್ವಂತೆ, ನಿಜವಾ?" ಎಂದು ನನ್ನನ್ನೇ ಪರೀಕ್ಷಿಸಿದರು.

ಗಾಜಿನ ಎಳೆ ಈಗಾಗಲೇ ಮನೆಗೆ ಬಂದಿರುವವರಿಗೆ ಎರಡು ಮೂರು ಹಿತವಚನಗಳನ್ನು ಹೇಳಿ ಮುಗಿಸುತ್ತೇನೆ. ಎಳೆಯನ್ನು ಮೊಳೆ ಹೊಡೆದು ಬಿಗಿಯಬೇಡಿ. ಬಾಗಿಲ ಸಂದಿಯಲ್ಲಿ ಸಿಕ್ಕಿಸಬೇಡಿ. ಕಿರಿದಾಗಿ ಮಡಿಸಿದರೆ ಮಡಿಕೆಯಲ್ಲಿ ಬೆಳಕು ಸೋರಿಹೋಗುತ್ತದೆ; 1550ರ ಬೆಳಕು ಉಳಿದವುಗಳಿಗಿಂತ ಹೆಚ್ಚಾಗಿ ಸೋರುವುದರಿಂದ ಇಂಟರ್‌ನೆಟ್ ಸರಿಯಾಗಿದ್ದು ಟೀವಿ ಮಾತ್ರ ಕೆಡಬಹುದು. ಎಳೆಯ ಮೂತಿ ಹಸಿರು ಬಣ್ಣದ್ದಾದರೆ ಅದರ ತುದಿಯನ್ನು ಸ್ವಲ್ಪ ಓರೆಯಾಗಿ ಉಜ್ಜಿರುತ್ತಾರೆ. ಬೆಳಕು ಮರಳಿ ಹೋಗಿ ಚಿತ್ರವನ್ನು ಕೆಡಿಸಬಾರದೆಂದು. ಅದನ್ನು ನೀಲಿ ಮೂತಿಗೆ ಜೋಡಿಸಬೇಡಿ. ಕಿತ್ತುಹೋದ ಎಳೆಯ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ಇಣುಕಿ ನೋಡಬೇಡಿ, ಮಕ್ಕಳಿಗೂ ಬಿಡಬೇಡಿ; ಕಾಣದ ಬೆಳಕು ಕಣ್ಣಿಗೆ ಅಪಾಯ.

ಇನ್ನೊಂದು ಮಾತು. ಕರೆಂಟು ಬೇಡದ ಜಾಲ ಎನ್ನುವುದು ಬೀದಿಗೆ ಮಾತ್ರ ಸಲ್ಲುವ ಮಾತು. ನಿಮ್ಮ ಮನೆಯೊಳಗೆ ಬೆಳಕನ್ನು ಅಲೆಯಾಗಿ ಮಾಡುವ ಸಲಕರಣೆಗೂ, ಪೆಟ್ಟಿಗೆಗೂ, ಟೀವಿಗೂ ಕರೆಂಟು ಬೇಕು. ಮನೆಯ ಕರೆಂಟು ಹೋದರೆ ಗಾಜಿನ ತುದಿಯವರೆಗೆ ಬೆಳಕು ಬಂದು ಕಾದು ನಿಂತಿರುತ್ತದೆ, ಒಳಕ್ಕೆ ಕರೆಯುವವರಿಲ್ಲ. ಅಂಥ ರಾತ್ರಿಗಳಲ್ಲಿ ಅಜ್ಜಿಯ ಮನೆಯಿಂದ ಈಗಲೂ ಸೆಲ್ಲಿನ ರೇಡಿಯೋ ಕೇಳಿಸುತ್ತದೆ.

ನಾಳೆ ನಿಮ್ಮ ಬೀದಿಗೆ ಇನ್ನೊಂದು ಹೊಸ ವಿದ್ಯೆ ಬರುತ್ತದೆ, ಬರಲಿ, ಸ್ವಾಗತಿಸೋಣ. ಬಂದ ದಿನ ಒಂದು ಪ್ರಶ್ನೆಯನ್ನು ಮಾತ್ರ ಮರೆಯದೆ ಕೇಳೋಣ: ಇದರ ಭಾರ ಈಗ ಯಾರ ಹೆಗಲಿಗೆ ಬಂದಿತು? ಆ ಹೆಗಲು ನಮ್ಮ ಪಕ್ಕದ ಮನೆಯದೇ ಆಗಿದ್ದರೆ, ಸರ್ಕಾರವೂ ಸಂಸ್ಥೆಯೂ ಬರುವವರೆಗೆ ಕಾಯದೆ, ಐದು ಗುಂಡಿಗಳಿಗೆ ಬೊಟ್ಟಿಡುವಷ್ಟು ಕೆಲಸ ನಮ್ಮಿಂದ ಆಗುತ್ತದೆ.